ಮೊದಲ ಸಾಲಿನಲ್ಲೇ ಮುಗ್ಗರಿಸುವ ಜೇಸನ್

ಪ್ರಶ್ನೆ: ಪೈಥಾನ್‌ನಲ್ಲಿ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆದಿಡುವ ಒಂದು ವಿಧಾನ) ಫೈಲ್ ಓದಲು ಹೋದರೆ ‘ಎಕ್ಸ್‌ಪೆಕ್ಟಿಂಗ್ ವ್ಯಾಲ್ಯೂ: ಲೈನ್ 1 ಕಾಲಮ್ 1’ ಎಂಬ ಎರರ್ ಬರುತ್ತದೆ. ಫೈಲ್ ಸರಿಯಾಗಿಯೇ ಇದೆ. ಪೈಥಾನ್ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಉತ್ತರ: ಬೇಡ. ಇದಕ್ಕೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಹೇಳಿಕೊಡುವ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಪ್ರಶ್ನೆ ಮಾತ್ರ ಬರುತ್ತಲೇ ಇರುತ್ತದೆ.

ಮೊದಲ ಅಕ್ಷರದ ಜಾಗದಲ್ಲೇ ಜೇಸನ್ ಸಿಗಲಿಲ್ಲ ಅನ್ನುವುದಷ್ಟೇ ಈ ಎರರ್‌ನ ಅರ್ಥ. ಹಾಗಾದರೆ ಅಲ್ಲಿ ಏನಿದೆ? ಎಡಿಟರ್‌ನಲ್ಲಿ ನೋಡಿ ‘ಸರಿಯಾಗಿದೆ’ ಅನ್ನಬೇಡಿ. ಫೈಲನ್ನು ಓದಿ ಒಂದು ವೇರಿಯಬಲ್‌ಗೆ ಹಾಕಿಕೊಳ್ಳಿ. ಅದರ ಮೊದಲ 80 ಅಕ್ಷರಗಳನ್ನು ‘ರೆಪ್ರ್’ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ. ಸುಮ್ನೆ ಪ್ರಿಂಟ್ ಮಾಡಿದರೆ ಕಾಣದ ಅಕ್ಷರಗಳು ಕಾಣದೇ ಉಳಿಯುತ್ತವೆ.

ಬರೀ ಎರಡು ಕೋಟ್ ಕಂಡರೆ ಫೈಲ್ ಖಾಲಿ. ಖಾಲಿ ಮಾಡಿದ್ದು ಜಾಸ್ತಿ ಸಲ ನೀವೇ: ‘ಡಬ್ಲ್ಯು’ ಅಂದರೆ ಬರೆಯುವ ಮೋಡ್‌ನಲ್ಲಿ ಓಪನ್ ಮಾಡಿದ ಕ್ಷಣವೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ನಾನು ಕಾಪಿ ಇಟ್ಟುಕೊಳ್ಳದೆ ಯಾವ ಡೇಟಾ ಫೈಲನ್ನೂ ಮುಟ್ಟುವುದಿಲ್ಲ. ಫೈಲ್ ತುಂಬಿದ್ದರೂ, ‘ರೀಡ್’ ಒಮ್ಮೆ ಕರೆದ ಮೇಲೆ ಅದೇ ಫೈಲನ್ನು ‘ಲೋಡ್’ಗೆ ಕೊಟ್ಟರೆ ಇದೇ ಎರರ್. ಓದುವ ಜಾಗ ಆಗಲೇ ಕೊನೆ ಮುಟ್ಟಿರುತ್ತದೆ.

ಎಚ್‌ಟಿಎಂಎಲ್ ಕಂಡರೆ ನೀವು ಡೌನ್‌ಲೋಡ್ ಮಾಡಿದ್ದು ಲಾಗಿನ್ ಪುಟವನ್ನೋ ಎರರ್ ಪುಟವನ್ನೋ. ಹೆಸರಿನ ಕೊನೆಗೆ ಜೇಸನ್ ಅಂತಿದ್ದ ಮಾತ್ರಕ್ಕೆ ಜೇಸನ್ ಆಗುವುದಿಲ್ಲ. ಶುರುವಿನಲ್ಲಿ ವಿಚಿತ್ರ ಅಕ್ಷರಗಳಿದ್ದರೆ ಅದು ಬಹುಶಃ ‘ಬಿಒಎಂ’, ಅಂದರೆ ಕೆಲವು ಪ್ರೋಗ್ರಾಮ್‌ಗಳು ಫೈಲಿನ ಶುರುವಿಗೆ ಸೇರಿಸುವ ಎನ್‌ಕೋಡಿಂಗ್ ಗುರುತು. ಓಪನ್ ಮಾಡುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಅಂತ ಕೊಡಿ.

ಇದ್ಯಾವುದೂ ಅಲ್ಲವೇ? ‘ಲೋಡ್ಸ್’ಗೆ ಫೈಲಿನ ಹೆಸರನ್ನೇ ಕೊಟ್ಟಿರುತ್ತೀರಿ. ‘ಲೋಡ್ಸ್’ ಕೇಳುವುದು ಜೇಸನ್ ಪಠ್ಯ, ‘ಲೋಡ್’ ಕೇಳುವುದು ಓಪನ್ ಆದ ಫೈಲ್. ಹೆಸರು ಇಬ್ಬರಿಗೂ ಬೇಡ.

ಪ್ರಶ್ನೆ: ಸಿಂಗಲ್ ಕೋಟ್ ಇರುವ ಫೈಲನ್ನು ‘ಇವ್ಯಾಲ್’ನಿಂದ ಓದಿ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ. ಸರಿಯೇ?

ಉತ್ತರ: ಅಂಥ ವಿಡಿಯೊ ಅಲ್ಲೇ ನಿಲ್ಲಿಸಿ. ಫೈಲಿನಲ್ಲಿ ಯಾರಾದರೂ ಪೈಥಾನ್ ಕೋಡ್ ತುರುಕಿದ್ದರೆ ‘ಇವ್ಯಾಲ್’ ಅದನ್ನೂ ನಡೆಸಿಬಿಡುತ್ತದೆ. ಎಲ್ಲ ಸಿಂಗಲ್ ಕೋಟನ್ನೂ ಡಬಲ್ ಮಾಡುವ ಉಪಾಯವೂ ಬೇಡ. ‘ಡೋಂಟ್’ ಎಂಬ ಇಂಗ್ಲಿಷ್ ಪದದ ನಡುವೆಯೂ ಅದೇ ಗುರುತು ಇರುತ್ತದೆ, ಅಂಥ ಪದ ಎದುರಾದ ಕಡೆ ಉಪಾಯ ಕೈಕೊಡುತ್ತದೆ. ಸಿಂಗಲ್ ಕೋಟ್ ಇದೆ ಅಂದರೆ ಯಾರೋ ಪೈಥಾನ್ ಡಿಕ್ಷನರಿಯನ್ನು ಹಾಗೇ ಫೈಲಿಗೆ ಬರೆದಿದ್ದಾರೆ. ಬರೆಯುವ ಕಡೆ ‘ಜೇಸನ್ ಡಾಟ್ ಡಂಪ್’ ಹಾಕಿಸಿ. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ‘ಎಎಸ್‌ಟಿ’ ಮಾಡ್ಯೂಲಿನ, ಕೋಡ್ ನಡೆಸದೆ ಡೇಟಾ ಮಾತ್ರ ಓದುವ ‘ಲಿಟರಲ್ ಇವ್ಯಾಲ್’ ಬಳಸಿ.

ಪ್ರಶ್ನೆ: ‘ಎಕ್ಸ್‌ಟ್ರಾ ಡೇಟಾ: ಲೈನ್ 2’ ಅಂದರೇನು?

ಉತ್ತರ: ಬಹುತೇಕ ಸಾಲಿಗೊಂದು ಬೇರೆ ಬೇರೆ ಜೇಸನ್ ಇದೆ. ಒಂದೊಂದೇ ಸಾಲು ‘ಲೋಡ್ಸ್’ಗೆ ಕೊಡಿ.

ಪ್ರಶ್ನೆ: ಕೊನೆಯ ಐಟಂ ಆದಮೇಲೂ ಕಾಮಾ ಇದ್ದರೆ ಏನು ತೊಂದರೆ?

ಉತ್ತರ: ಪೈಥಾನ್ ಲಿಸ್ಟಿನಲ್ಲಿ ನಡೆಯುತ್ತದೆ, ಜೇಸನ್‌ನಲ್ಲಿ ಇಲ್ಲ. ಅಳಿಸಿ.

ಪ್ರಶ್ನೆ: ಜೇಸನ್ ಮಾಡ್ಯೂಲಿನಲ್ಲಿ ‘ಲೋಡ್’ ಇಲ್ಲವೇ ಇಲ್ಲ ಎನ್ನುತ್ತಿದೆ ಪೈಥಾನ್!

ಉತ್ತರ: ನಿಮ್ಮ ಪ್ರೋಗ್ರಾಮ್ ಫೈಲಿಗೇ ‘ಜೇಸನ್ ಡಾಟ್ ಪಿವೈ’ ಅಂತ ಹೆಸರಿಟ್ಟಿದ್ದೀರಿ ಅಲ್ವಾ? ಬದಲಿಸಿ.