ಅಟ್ಟದಲ್ಲಿ ಸಿಕ್ಕ ಹಳೇ ಸ್ಪೆಕ್ಟ್ರಮ್ ಕಂಪ್ಯೂಟರ್: ರಿಪೇರಿ ಮಾಡೋದಾ, ಒಳಗೆ ಹೊಸ ಬೋರ್ಡ್ ಹಾಕೋದಾ?

ನಿಮ್ಮ ಪ್ರಶ್ನೆ ಇಷ್ಟು: ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ತಂದಿಟ್ಟಿದ್ದ ರಬ್ಬರ್ ಕೀಗಳ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅಟ್ಟದಲ್ಲಿ ಸಿಕ್ಕಿದೆ. ಟಿವಿಗೆ ಹಾಕಿದರೆ ಬರೀ ಪಟ್ಟೆ ಬರುತ್ತದೆ, ಮುಂದೆ ಹೋಗುವುದಿಲ್ಲ. ಸೋಲ್ಡರಿಂಗ್ ಅಷ್ಟಿಷ್ಟು ಗೊತ್ತು. ಹಳೇ ಕಂಪ್ಯೂಟರ್ ರಿಪೇರಿಯನ್ನು ಹವ್ಯಾಸವಾಗಿ ಇದರಿಂದಲೇ ಶುರು ಮಾಡಲಾ, ಇಲ್ಲ ಒಳಗಿನದ್ದೆಲ್ಲ ಕಿತ್ತು ರಾಸ್‌ಬೆರಿ ಪೈ ಅನ್ನೋ ಸಣ್ಣ ಹೊಸ ಕಂಪ್ಯೂಟರ್ ಬೋರ್ಡ್ ಕೂರಿಸಲಾ?

ರಿಪೇರಿ ಮಾಡಿ. ಪೈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಮಾಧಾನದ ಮಾತು. ಪಟ್ಟೆ ಬರುತ್ತಿದೆ ಅಂದರೆ ಟಿವಿಗೆ ಚಿತ್ರ ಕಳಿಸುವ ಯುಎಲ್‌ಎ ಚಿಪ್ ಬದುಕಿದೆ. ಫೆರಾಂಟಿ ಕಂಪನಿ, ಸ್ಪೆಕ್ಟ್ರಮ್ ತಯಾರಿಸಿದ ಸಿಂಕ್ಲೇರ್‌ಗೆಂದೇ ಮಾಡಿಕೊಟ್ಟ ಚಿಪ್ ಅದು, ಅಂಗಡಿಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ. ಉಳಿದವು ಹೆಚ್ಚೂಕಮ್ಮಿ ಮಾರ್ಕೆಟ್ ಮಾಲು: ಝಡ್80 ಪ್ರೊಸೆಸರ್, ಮೆಮೊರಿ, ಒಂದಿಷ್ಟು 74 ಸೀರೀಸ್ ಚಿಪ್‌ಗಳು. 1982ರ ಏಪ್ರಿಲ್‌ನಲ್ಲಿ ಬ್ರಿಟನ್‌ನಲ್ಲಿ ಬಿಡುಗಡೆಯಾದಾಗ 48ಕೆ ಮಾಡೆಲ್‌ಗೆ 175 ಪೌಂಡ್ ಇಟ್ಟಿದ್ದರು. ಆ ಕಾಲಕ್ಕೆ ಅದು ಅಗ್ಗ. ಆ ಬೆಲೆಗೆ ಕೊಡೋದಕ್ಕೆ ಎಲ್ಲೆಲ್ಲಿ ಕಾಸು ಉಳಿಸಬಹುದೋ ಅಲ್ಲೆಲ್ಲ ಉಳಿಸಿದ್ದಾರೆ. ಇವತ್ತು ನಾವು ರಿಪೇರಿಗೆ ಕೂತರೆ ಎದುರಾಗುವುದು ಬಹುಪಾಲು ಆ ಉಳಿತಾಯವೇ.

ಈಗ ಒಂದು ಕೆಲಸ ಮಾಡಿ. ಅದನ್ನು ಪದೇ ಪದೇ ಆನ್ ಮಾಡಿ ನೋಡೋದನ್ನು ನಿಲ್ಲಿಸಿ. ಅಡಾಪ್ಟರ್ ಕೈಗೆ ತೆಗೆದುಕೊಳ್ಳಿ. ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್ ಡಿಸಿ, ಆದರೆ ಪ್ಲಗ್ಗಿನ ಒಳಭಾಗ ಮೈನಸ್, ಹೊರಭಾಗ ಪ್ಲಸ್. ಇವತ್ತು ಮನೆಯಲ್ಲಿ ಬಿದ್ದಿರುವ ರೂಟರ್ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಇದಕ್ಕೆ ಉಲ್ಟಾ. ಪ್ಲಗ್ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ಉಲ್ಟಾ ಕರೆಂಟ್ ತಡೆಯೋದಕ್ಕೆ ಅಂತ ಒಂದು ಡಯೋಡ್ ಕೂಡ ಹಾಕಿಲ್ಲ ಪುಣ್ಯಾತ್ಮರು. ಮಲ್ಟಿಮೀಟರ್ ಹಿಡಿದು ನೋಡದೆ ಯಾವ ಅಡಾಪ್ಟರನ್ನೂ ಚುಚ್ಚಬೇಡಿ. ಚಿಕ್ಕಪ್ಪ ತಂದ ಮೂಲ ಅಡಾಪ್ಟರ್ ಆಗಿದ್ದರೆ ಲೋಡ್ ಇಲ್ಲದಾಗ 12 ವೋಲ್ಟಿಗಿಂತ ಜಾಸ್ತಿ ತೋರಿಸಬಹುದು. ಅದು ರೆಗ್ಯುಲೇಟೆಡ್ ಅಲ್ಲ, ಅಂದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದಿಲ್ಲ, ಗಾಬರಿ ಬೇಡ.

ಈಗ ಕೆಳಗಿನ ಸ್ಕ್ರೂ ತೆಗೆದು ಮೇಲಿನ ಮುಚ್ಚಳ ಎತ್ತಿ. ನಿಧಾನ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳು ಪ್ಲಾಸ್ಟಿಕ್ ಪಟ್ಟಿ ಹೋಗುತ್ತವೆ, ರಭಸವಾಗಿ ಎತ್ತಿದರೆ ಅಲ್ಲೇ ಮುರಿಯುತ್ತವೆ. ಒಳಗೆ ಹೋಗುವುದು ಬರೀ 9 ವೋಲ್ಟ್, ಆದ್ದರಿಂದ ಶಾಕ್ ಹೊಡೆಯುವ ಭಯ ಇಲ್ಲ. ಕಲಿಯುವವರಿಗೆ ಈ ಮೆಷಿನ್ ಒಳ್ಳೇದು ಅಂತ ನಾನು ಹೇಳೋದಕ್ಕೆ ಅದೂ ಒಂದು ಕಾರಣ.

ಅಂತರ್ಜಾಲದಲ್ಲಿ ಯಾರನ್ನು ಕೇಳಿದರೂ ಮೊದಲು ಎಲ್ಲ ಕೆಪ್ಯಾಸಿಟರ್ ಬದಲಿಸಿ ಅನ್ನುತ್ತಾರೆ. ಬದಲಿಸಬೇಕು ನಿಜ, ನಾಲ್ಕು ದಶಕದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಣಗಿರುತ್ತದೆ. ಆದರೆ ಮೊದಲ ದಿನವೇ ಅಲ್ಲ. ಮೊದಲು ವೋಲ್ಟೇಜ್ ಅಳೆಯಿರಿ.

ಬೋರ್ಡಿನಲ್ಲಿ ಐಸಿ 6ರಿಂದ 13ರವರೆಗೆ ಎಂಟು ಚಿಪ್‌ಗಳ ಸಾಲು ಇದೆ. ಇವು 4116 ಮೆಮೊರಿ, ಕೆಳಗಿನ 16ಕೆ. ಈ ಹಳೇ ಕಾಲದ ಮೆಮೊರಿಗೆ ಒಂದಲ್ಲ, ಮೂರು ವೋಲ್ಟೇಜ್ ಬೇಕು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 9 ವೋಲ್ಟನ್ನು 5 ಮಾಡುವ 7805 ರೆಗ್ಯುಲೇಟರಿನ ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ತಾಗಿಸಿ, ಅದು ಗ್ರೌಂಡ್. ಕೆಂಪು ಕಡ್ಡಿಯನ್ನು 4116ರ ಪಿನ್ 1ಕ್ಕೆ ಇಟ್ಟರೆ ಮೈನಸ್ 5, ಪಿನ್ 8ಕ್ಕೆ ಇಟ್ಟರೆ 12, ಪಿನ್ 9ಕ್ಕೆ ಇಟ್ಟರೆ 5 ಬರಬೇಕು. ಪಿನ್ 16 ಗ್ರೌಂಡ್. ಮಾಮೂಲಿ ಹದಿನಾರು ಪಿನ್ನಿನ ಚಿಪ್‌ಗಳಲ್ಲಿ 16 ಪ್ಲಸ್, 8 ಗ್ರೌಂಡ್ ಇರುತ್ತದಲ್ವಾ, ಇಲ್ಲಿ ತದ್ವಿರುದ್ಧ. ಕಡ್ಡಿ ಜಾರಿ ಪಕ್ಕದ ಪಿನ್ ಮುಟ್ಟಿದರೆ 12 ವೋಲ್ಟ್ ಎಲ್ಲೆಲ್ಲಿಗೋ ಹೋಗುತ್ತದೆ. ಕೈ ಗಟ್ಟಿ ಇರಲಿ.

5 ಇದೆ, ಆದರೆ 12 ಮತ್ತು ಮೈನಸ್ 5 ಇಲ್ಲ ಅಂತಾದರೆ ಕಳ್ಳ ಸಿಕ್ಕಿದ ಹಾಗೆ. ಇವೆರಡನ್ನೂ ತಯಾರಿಸುವುದು ಒಂದು ಸಣ್ಣ ಕಾಯಿಲ್ ಮತ್ತು ಟಿಆರ್4 ಅಂತ ಬರೆದಿರುವ ಝಡ್‌ಟಿಎಕ್ಸ್650 ಟ್ರಾನ್ಸಿಸ್ಟರ್. ಸ್ಪೆಕ್ಟ್ರಮ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಕೊಡುವ ಜಾಗ ಇದೇ. ಹಿಂದಿನ ಸ್ಲಾಟಿಗೆ ಜಾಯ್‌ಸ್ಟಿಕ್ ಇಂಟರ್‌ಫೇಸನ್ನು ಆನ್ ಇದ್ದಾಗಲೇ ಚುಚ್ಚಿದರೂ ಸಾಕು, ಪಕ್ಕಪಕ್ಕದ ಗೆರೆಗಳು ಶಾರ್ಟ್ ಆಗಿ ಟಿಆರ್4 ಹೋಗಿಬಿಡುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಮೈನಸ್ 5 ಇಲ್ಲದೆ ಉಳಿದ ವೋಲ್ಟೇಜ್ ಮಾತ್ರ ಸಿಕ್ಕರೆ 4116 ಚಿಪ್‌ಗಳೂ ಸಾಯುತ್ತವೆ. ಇನ್ನೊಂದು ಸಲ ಇದು ಹಿಂದುಮುಂದಾಗುತ್ತದೆ: ಮೊದಲು ಒಂದು 4116 ಒಳಗೇ ಶಾರ್ಟ್ ಆಗಿ ಟಿಆರ್4ನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಪದೇ ಪದೇ ಆನ್ ಮಾಡಬೇಡಿ ಅಂದದ್ದು. ಟ್ರಾನ್ಸಿಸ್ಟರ್ ಬದಲಿಸುವ ಮುಂಚೆ 12 ವೋಲ್ಟ್ ಲೈನ್ ಗ್ರೌಂಡಿಗೆ ಶಾರ್ಟ್ ಇದೆಯಾ ಅಂತ ಕರೆಂಟ್ ಇಲ್ಲದಾಗ ನೋಡಿಕೊಳ್ಳಿ.

ಮೂರೂ ವೋಲ್ಟೇಜ್ ಸರಿ ಇದೆ, ಆದರೂ ಪಟ್ಟೆ. ಆಗ ಪಟ್ಟೆಯನ್ನೇ ಓದಬೇಕು. ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಇದು.

ಸ್ಪೆಕ್ಟ್ರಮ್ ಆನ್ ಆದ ತಕ್ಷಣ ತನ್ನ ಮೆಮೊರಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪ್ರತಿ ಬೈಟಿಗೂ 2 ಅಂತ ಬರೆಯುತ್ತಾ ಹೋಗುತ್ತದೆ. ಆಮೇಲೆ ಕೆಳಗಿನಿಂದ ಒಂದೊಂದನ್ನೇ ಒಂದು ಸಲ ಕಳೆಯುತ್ತದೆ, ಸೊನ್ನೆ ಆಗಿರಬಾರದು. ಇನ್ನೊಂದು ಸಲ ಕಳೆಯುತ್ತದೆ, ಈಗ ಸೊನ್ನೆ ಆಗಿರಬೇಕು. ಎಲ್ಲಿ ಲೆಕ್ಕ ತಪ್ಪಿತೋ ಅಲ್ಲಿಗೆ ಮೆಮೊರಿ ಮುಗಿಯಿತು ಅಂದುಕೊಳ್ಳುತ್ತದೆ. ಪರದೆಯ ಚಿತ್ರ ಇರುವುದೂ ಇದೇ ಮೆಮೊರಿಯಲ್ಲಿ. ಹಾಗಾಗಿ ಪರೀಕ್ಷೆ ನಡೆಯುವುದು ನಮ್ಮ ಕಣ್ಣಿಗೂ ಕಾಣುತ್ತದೆ. 2 ಅಂದರೆ ಎಂಟು ಬಿಟ್‌ಗಳಲ್ಲಿ ಒಂದೇ ಒಂದು ಆನ್, ಆದ್ದರಿಂದ ಪ್ರತಿ ಎಂಟು ಚುಕ್ಕೆಗೆ ಒಂದು ತೆಳು ಗೆರೆ. ಬಣ್ಣದ ಭಾಗಕ್ಕೂ 2 ಬಿದ್ದಿರುತ್ತದೆ, ಅಂದರೆ ಕಪ್ಪಿನ ಮೇಲೆ ಕೆಂಪು. ಸರಿಯಾಗಿರುವ ಮೆಷಿನ್ನಿನಲ್ಲಿ ಕಪ್ಪು ಪರದೆ ತುಂಬ ಸಣ್ಣ ಕೆಂಪು ಗೆರೆಗಳು ಒಂದೆರಡು ಸೆಕೆಂಡ್ ಬಂದು ಹೋಗಿ, ಬಿಳಿ ಪರದೆಯ ಕೆಳಗೆ 1982ರ ಸಿಂಕ್ಲೇರ್ ಕಾಪಿರೈಟ್ ಸಾಲು ನಿಲ್ಲುತ್ತದೆ.

ಎಂಟು 4116 ಚಿಪ್‌ಗಳಲ್ಲಿ ಪ್ರತಿಯೊಂದೂ ಬೈಟಿನ ಒಂದೊಂದು ಬಿಟ್ ಇಟ್ಟುಕೊಂಡಿರುತ್ತದೆ. ಆದ್ದರಿಂದ ಯಾವ ಚಿಪ್ ಹಾಳಾಗಿದೆ ಅನ್ನೋದನ್ನು ಬಣ್ಣ ಹೇಳುತ್ತದೆ. ಬಿಟ್‌ಗಳನ್ನು 0ಯಿಂದ 7ರವರೆಗೆ ಎಣಿಸುತ್ತಾರೆ. ಅತಿ ಕೆಳಗಿನ ಬಿಟ್ 0 ಸದಾ ಆನ್ ಆಗಿಯೇ ಸಿಕ್ಕಿಹಾಕಿಕೊಂಡಿದ್ದರೆ ಗೆರೆ ದಪ್ಪ ಆಗಿ ಕೆಂಪಿನ ಬದಲು ಮೆಜೆಂಟಾ. ಬಿಟ್ 2 ಆದರೆ ಹಳದಿ. ಬಿಟ್ 3 ಆದರೆ ಕಪ್ಪು ಹಿನ್ನೆಲೆ ನೀಲಿಯಾಗುತ್ತದೆ, ಬಿಟ್ 5 ಆದರೆ ಹಸಿರು. ಬಿಟ್ 7 ಹಾಳಾಗಿದ್ದರೆ ಇಡೀ ಪರದೆ ಮಿಣುಕುತ್ತಾ ಕೂರುತ್ತದೆ, ಯಾಕಂದರೆ ಅದು ಫ್ಲ್ಯಾಶ್ ಬಿಟ್. ಗೆರೆಯೇ ಇಲ್ಲದ ಪೂರ್ತಿ ಕಪ್ಪು ಪರದೆ ಬಂದರೆ ಬಿಟ್ 1ರ ಮೇಲೆ ಅನುಮಾನ ಪಡಿ. ಇದ್ಯಾವುದೂ ಅಲ್ಲ, ಅಡ್ಡಾದಿಡ್ಡಿ ಬಣ್ಣದ ಚೌಕಗಳು ಆನ್ ಮಾಡಿದ ಕ್ಷಣದಿಂದ ಹಾಗೇ ಕದಲದೆ ನಿಂತಿವೆ ಅಂದರೆ ಪ್ರೊಸೆಸರ್ ಏನನ್ನೂ ಬರೆಯುತ್ತಲೇ ಇಲ್ಲ. ಆಗ ನೋಡಬೇಕಾದ್ದು ಝಡ್80, ಆನ್ ಆದಾಗ ಓಡುವ ಪ್ರೋಗ್ರಾಮ್ ಇರುವ ರೋಮ್ ಚಿಪ್, ಇಲ್ಲಾ ಮೆಮೊರಿ ಪಕ್ಕದ ಎರಡು 74ಎಲ್‌ಎಸ್157 ಚಿಪ್‌ಗಳು.

ಮೇಲಿನ 32ಕೆ ಹಾಳಾಗಿದ್ದರೆ ಪಟ್ಟೆ ನಿಲ್ಲುವುದಿಲ್ಲ, ಮೆಷಿನ್ ಆರಾಮಾಗಿ ಶುರುವಾಗುತ್ತದೆ. ನೋಡೋದಕ್ಕೆ ಸರಿ ಇದೆ ಅನಿಸಿದರೂ ಮೆಮೊರಿ ಕಡಿಮೆ. ಮೆಮೊರಿಯ 23732 ಮತ್ತು 23733ರಲ್ಲಿ ಇರುವುದನ್ನು ಬೇಸಿಕ್‌ನ ಪೀಕ್ ಆಜ್ಞೆಯಿಂದ ಓದಿ, ಎರಡನೆಯದನ್ನು 256ರಿಂದ ಗುಣಿಸಿ ಕೂಡಿಸಿ. 65535 ಬಂದರೆ ಪೂರ್ತಿ 48ಕೆ ಇದೆ. 32767 ಬಂದರೆ 16ಕೆ ಮಾತ್ರ. ಇಲ್ಲೂ ಉಳಿತಾಯದ ಕಥೆ ಇದೆ. ಮೇಲಿನ ಸಾಲಿಗೆ ಸಿಂಕ್ಲೇರ್ ಹಾಕಿದ್ದು ಅರ್ಧ ಮಾತ್ರ ಕೆಲಸ ಮಾಡುವ 64ಕೆ ಚಿಪ್‌ಗಳನ್ನು. ಕಾರ್ಖಾನೆಯ ಪರೀಕ್ಷೆಯಲ್ಲಿ ಒಂದು ಅರ್ಧ ಫೇಲ್ ಆದವನ್ನು ಅಗ್ಗಕ್ಕೆ ಕೊಂಡು, ಒಳ್ಳೆಯ ಅರ್ಧವನ್ನು ಬಳಸಿಕೊಂಡರು. ನಮಗೆ ಅದರಿಂದ ಲಾಭವೇ: ಅವುಗಳ ಜಾಗಕ್ಕೆ ಪೂರ್ತಿ ಒಳ್ಳೆಯ 4164 ಚಿಪ್ ಹಾಗೇ ಕೂರುತ್ತದೆ, ಮತ್ತು 4116ಕ್ಕಿಂತ ಸುಲಭವಾಗಿ ಸಿಗುತ್ತದೆ.

ಚಿಪ್ ತೆಗೆಯುವಾಗ ಚಿಪ್ ಉಳಿಸೋದಕ್ಕೆ ಹೋಗಬೇಡಿ, ಬೋರ್ಡ್ ಉಳಿಸಿ. ಸಣ್ಣ ಕಟರ್‌ನಿಂದ ಪಿನ್‌ಗಳನ್ನು ಚಿಪ್ಪಿನ ಬುಡದಲ್ಲೇ ಕತ್ತರಿಸಿ, ಆಮೇಲೆ ಒಂದೊಂದೇ ಪಿನ್ನನ್ನು ಬಿಸಿ ಮಾಡಿ ಇಕ್ಕಳದಿಂದ ಎಳೆಯಿರಿ. ತೂತಿನಲ್ಲಿ ಉಳಿದದ್ದನ್ನು ಡೀಸೋಲ್ಡರಿಂಗ್ ಪಂಪಿನಿಂದ ತೆಗೆದು ಸಾಕೆಟ್ ಹಾಕಿ. ಈ ಬೋರ್ಡಿನ ತಾಮ್ರದ ಗೆರೆಗಳು ಜಾಸ್ತಿ ಬಿಸಿ ತಡೆಯುವುದಿಲ್ಲ, ಎದ್ದು ಬರುತ್ತವೆ. ಸಾಕೆಟ್, ಕೆಪ್ಯಾಸಿಟರ್, 7805 ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. 4116, ಝಡ್‌ಟಿಎಕ್ಸ್650 ಬೇಕಾದರೆ ಆನ್‌ಲೈನ್ ತರಿಸುವುದೇ ವಾಸಿ. ತೀರಾ ಅಗ್ಗಕ್ಕೆ ಸಿಗುವ ಹಳೇ ಚಿಪ್‌ಗಳಲ್ಲಿ ಮೇಲಿನ ಬರಹ ಅಳಿಸಿ ಹೊಸದಾಗಿ ಅಚ್ಚು ಹಾಕಿದವೂ ಇರುತ್ತವೆ, ಸ್ವಲ್ಪ ಹೆಚ್ಚೇ ತರಿಸಿಕೊಳ್ಳಿ.

ಕೀಬೋರ್ಡ್ ಬಗ್ಗೆ ಎರಡು ಮಾತು ಸಾಕು. 40 ಕೀಗಳು, ಎಂಟು ಗೆರೆಯ ಒಂದು ಪಟ್ಟಿ, ಐದು ಗೆರೆಯ ಇನ್ನೊಂದು. 1ರಿಂದ 5 ಒಟ್ಟಿಗೇ ಕೆಲಸ ಮಾಡುತ್ತಿಲ್ಲ ಅಂದರೆ ಎಂಟರ ಪಟ್ಟಿಯಲ್ಲಿ ಒಂದು ಗೆರೆ ಕಡಿದಿದೆ. ಎಂಟು ಕೀ ಒಟ್ಟಿಗೆ ಹೋಗಿದ್ದರೆ ಐದರ ಪಟ್ಟಿ. ಅಂಟಿಸಿ ಬಚಾವ್ ಮಾಡಬಹುದು ಅನ್ನುವವರಿದ್ದಾರೆ, ನಾನಂತೂ ಹೊಸ ಮೆಂಬ್ರೇನ್, ಅಂದರೆ ಕೀಗಳ ಕೆಳಗಿನ ಪಟ್ಟಿ ಸಮೇತದ ಪ್ಲಾಸ್ಟಿಕ್ ಹಾಳೆ, ತರಿಸಿಬಿಡಿ ಅನ್ನುತ್ತೇನೆ. ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಮೇಲಿನ ಲೋಹದ ತಗಡು ಅಂಟಿನಲ್ಲಿ ಕೂತಿರುತ್ತದೆ. ಹೇರ್‌ಡ್ರೈಯರ್‌ನಿಂದ ಬೆಚ್ಚಗೆ ಮಾಡದೆ ಎಬ್ಬಿಸಿದರೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ನೆಟ್ಟಗಾಗಲ್ಲ.

ಇನ್ನು ಮಾರ್ಪಾಡು. ಮೊದಲು ಮಾಡಬೇಕಾದ್ದು ವಿಡಿಯೋ. ಸ್ಪೆಕ್ಟ್ರಮ್ ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ, ಅಂದರೆ 591 ಮೆಗಾಹರ್ಟ್ಸ್ ಹತ್ತಿರ, ಟಿವಿಗೆ ಚಿತ್ರ ಕಳಿಸುತ್ತದೆ. ಮಂಜು ಮಂಜಾಗಿ ಬರುತ್ತದೆ. ಮೇಲಿನ ಎಡ ಮೂಲೆಯಲ್ಲಿರುವ ತಗಡಿನ ಡಬ್ಬಿಗೆ ಎರಡು ತಂತಿ ಹೋಗುತ್ತವೆ, ಒಂದು 5 ವೋಲ್ಟ್, ಇನ್ನೊಂದು ವಿಡಿಯೋ. ಎರಡನ್ನೂ ಬಿಡಿಸಿ, ಡಬ್ಬಿಯೊಳಗೆ ಸಾಕೆಟ್ಟಿನ ನಡು ತಂತಿಗೆ ಸೇರಿರುವ ರೆಸಿಸ್ಟರನ್ನೂ ಬಿಡಿಸಿ, ವಿಡಿಯೋ ತಂತಿಯನ್ನು ನೇರ ಆ ನಡುವಿಗೆ ಕೊಟ್ಟರೆ ಟಿವಿಯ ಹಳದಿ ಎವಿ ಸಾಕೆಟ್ಟಿಗೆ ಚಿತ್ರ ಸಿಗುತ್ತದೆ. ಬಣ್ಣ ತುಂಬಾ ಗಾಢ ಅನಿಸಿದರೆ ನಡುವೆ ಒಂದು ಕೆಪ್ಯಾಸಿಟರ್ ಹಾಕಬಹುದು. ಎರಡನೆಯದು, 7805 ಬದಲು ಅದೇ ಮೂರು ಪಿನ್ನಿನ ಸ್ವಿಚಿಂಗ್ ರೆಗ್ಯುಲೇಟರ್. ಹಳೆಯದು 9ನ್ನು 5 ಮಾಡಿ ಉಳಿದದ್ದನ್ನೆಲ್ಲ ಬಿಸಿಯಾಗಿ ಸುಡುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ಬಿಸಿ ಒಳಗಿನ ಯುಎಲ್‌ಎಗೆ ಒಳ್ಳೇದಲ್ಲ. ಎರಡೂ ಮಾರ್ಪಾಡನ್ನು ಮತ್ತೆ ಮೊದಲಿನಂತೆ ಮಾಡಬಹುದು. ಡಬ್ಬಕ್ಕೆ ತೂತು ಕೊರೆಯುವ ಯಾವ ಮಾರ್ಪಾಡೂ ನನಗೆ ಇಷ್ಟ ಇಲ್ಲ.

ಪೈ ಹಾಕೋದೂ ಅದಕ್ಕೇ ಬೇಡ ಅಂದದ್ದು. ಪೈಯಲ್ಲಿ ಸ್ಪೆಕ್ಟ್ರಮ್ ಆಟ ಆಡಬೇಕಾದರೆ ಸ್ಪೆಕ್ಟ್ರಮ್‌ನಂತೆ ನಟಿಸುವ ಎಮ್ಯುಲೇಟರ್ ಸಾಫ್ಟ್‌ವೇರ್ ಸಾಕು, ಚಿಕ್ಕಪ್ಪನ ಡಬ್ಬ ಯಾಕೆ ಬೇಕು? ಬೋರ್ಡ್ ನಿಜವಾಗಿಯೂ ತುಕ್ಕು ಹಿಡಿದು ಹೋಗಿದ್ದರೆ ಮಾತ್ರ ಆ ಯೋಚನೆ ಮಾಡಿ.

ಹವ್ಯಾಸ ಹತ್ತಿದ ಮೇಲೆ ಬೇರೆ ಮೆಷಿನ್‌ಗಳ ಮೇಲೂ ಕಣ್ಣು ಬೀಳುತ್ತದೆ, ಅದು ತಪ್ಪಿದ್ದಲ್ಲ. ಕಮೊಡೋರ್ 64 ಸಿಕ್ಕರೆ ಅದರ ಹಳೇ ಅಡಾಪ್ಟರನ್ನು ಬಳಸಲೇಬೇಡಿ. ಕೆಟ್ಟಾಗ 5 ವೋಲ್ಟಿಗಿಂತ ಮೇಲೆ ಹೋಗಿ ಮೆಮೊರಿಯನ್ನು ಸುಡುತ್ತದೆ. ಬಿಬಿಸಿ ಮೈಕ್ರೋ ಸಿಗುವ ಸಾಧ್ಯತೆ ನಮ್ಮಲ್ಲಿ ಇದೆ, 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಎಂಬ ಸರ್ಕಾರಿ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಅದೇ ಬಂದಿತ್ತು. ಆದರೆ ಅದರ ಪವರ್ ಸಪ್ಲೈ ಡಬ್ಬದ ಒಳಗೇ ಇದೆ, 230 ವೋಲ್ಟ್. ಅದರಲ್ಲಿನ ಫಿಲ್ಟರ್ ಕೆಪ್ಯಾಸಿಟರ್‌ಗಳು ಬಿರುಕು ಬಿಟ್ಟಿದ್ದರೆ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಗಬ್ಬು ವಾಸನೆಯ ಹೊಗೆ ಗ್ಯಾರಂಟಿ. ಮೊದಲ ಮೆಷಿನ್ನಾಗಿ ಬೇಡ.

ಕ್ಯಾಸೆಟ್ ಇಲ್ಲ ಅಂತ ಚಿಂತೆ ಬೇಡ. ಆಟದ ಫೈಲನ್ನು ಆಡಿಯೋ ಮಾಡಿ, ಮೊಬೈಲಿನ ವಾಲ್ಯೂಮ್ ಪೂರ್ತಿ ಏರಿಸಿ, ಹಿಂದಿನ ಇಯರ್ ಸಾಕೆಟ್ಟಿಗೆ ಕೊಡಿ. ಪರದೆಯ ಅಂಚಿನಲ್ಲಿ ಮೊದಲು ಕೆಂಪು–ತಿಳಿನೀಲಿ ಪಟ್ಟೆ, ಆಮೇಲೆ ನೀಲಿ–ಹಳದಿ ಪಟ್ಟೆ ಓಡಿದರೆ ಲೋಡ್ ಆಗುತ್ತಿದೆ. ಈ ಪಟ್ಟೆ ಬಂದರೆ ಖುಷಿಪಡಿ.

ಸದ್ಯಕ್ಕೆ 4116ರ ಪಿನ್ 1, 8, 9ರ ವೋಲ್ಟೇಜ್ ಎಷ್ಟು ಬಂತು ಅಂತ ಬರೆಯಿರಿ, ಪರದೆಯ ಒಂದು ನೇರ ಫೋಟೋ ಹಾಕಿ. ಬೋರ್ಡಿನ ಮೇಲೆ ಇಶ್ಯೂ ನಂಬರ್, ಅಂದರೆ ಅದು ಎಷ್ಟನೇ ಆವೃತ್ತಿಯ ಬೋರ್ಡ್ ಅನ್ನೋದು, ಅಚ್ಚಾಗಿರುತ್ತದೆ, ಅದನ್ನೂ ಹೇಳಿ. ಯಾವ ಚಿಪ್ ಅಂತ ನೋಡೋಣ.