ಅಫಿಲಿಯೇಟ್ ಖಾತೆ ಮುಚ್ಚಿಹೋಗಿದೆ, ಮುಂದೆ ಯಾವ ಉಚಿತ ಯೋಜನೆ?

ಅಮೆಜಾನ್ ಖಾತೆ ಮುಚ್ಚಿದ ಮೇಲೆ ಯಾವ ಉಚಿತ ಅಫಿಲಿಯೇಟ್ ಯೋಜನೆಗೆ (ನಿಮ್ಮ ಲಿಂಕಿನಿಂದ ಯಾರಾದರೂ ಕೊಂಡರೆ ನಿಮಗೆ ಕಮಿಷನ್ ಕೊಡುವ ಯೋಜನೆ) ಸೇರಲಿ, ಜನರನ್ನು ಸೇರಿಸಿದರೆ ಹಣ ಕೊಡುತ್ತೇವೆಂದು 2,999 ರೂಪಾಯಿ ಕೇಳುತ್ತಿರುವ ಯೋಜನೆಗೆ ಸೇರಲೇ ಎಂದು ಕೇಳಿದ್ದೀರಿ. ಅಮೆಜಾನ್‌ನ ಅಫಿಲಿಯೇಟ್ ಯೋಜನೆಯಾದ ಅಸೋಸಿಯೇಟ್ಸ್‌ನಲ್ಲಿ ನಿಮ್ಮ ಖಾತೆ ಆರು ತಿಂಗಳಿಗೆ ಮುಚ್ಚಿಹೋಗಲು ಕಾರಣ ಬಹುಶಃ ಮಾರಾಟದ ಕೊರತೆ. ಸೇರಿದ 180 ದಿನಗಳೊಳಗೆ ಕನಿಷ್ಠ 3 ಅರ್ಹ ಮಾರಾಟ ಆಗಬೇಕು. ನಿಮ್ಮ ಲಿಂಕಿನಿಂದ ನೀವೇ ಕೊಂಡದ್ದು ಲೆಕ್ಕಕ್ಕಿಲ್ಲ. ಅವರ ಇಮೇಲ್‌ನಲ್ಲಿ ಬೇರೆ ಕಾರಣವಿದ್ದರೆ ಮೊದಲು ಅದನ್ನು ಸರಿಪಡಿಸಿ.

ಯೋಜನೆಗಿಂತ ಮುಂಚೆ ವಸ್ತುವನ್ನು ಆರಿಸಿ. ಕೋಲಾರದ ಟೊಮೆಟೊ ಬೆಳೆಗಾರರಿಗಾಗಿ ಹನಿ ನೀರಾವರಿಯ ವಿಡಿಯೊ ಮಾಡುತ್ತೀರಿ ಎಂದಿದ್ದೀರಿ. ಡ್ರಿಪ್ ಪೈಪನ್ನು ನಮ್ಮ ರೈತರು ಸಬ್ಸಿಡಿಯಲ್ಲೋ ಪರಿಚಯದ ಅಂಗಡಿಯಲ್ಲೋ ಕೊಳ್ಳುತ್ತಾರೆ, ನಿಮ್ಮ ಲಿಂಕಿನಿಂದಲ್ಲ. ಬ್ಯಾಟರಿ ಸ್ಪ್ರೇಯರ್, ನೀರಿನ ಟೈಮರ್, ಸವರುವ ಕತ್ತರಿಯಂಥ ಸಣ್ಣ ಸಲಕರಣೆಗಳು ಆನ್‌ಲೈನಿನಲ್ಲಿ ಹೋಗುವ ಸಾಧ್ಯತೆ ಹೆಚ್ಚು. ಅವನ್ನು ಬಳಸಿ ತೋರಿಸಿ.

ಆಮೇಲೆ ಅವು ಸಿಗುವ ಎರಡು ಮೂರು ಉಚಿತ ಯೋಜನೆಗಳ ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಶೇಕಡಾವಾರು ಕಮಿಷನ್ ಒಂದನ್ನೇ ನೋಡಬೇಡಿ. ಕ್ಲಿಕ್ ಆದ ಮೇಲೆ ಎಷ್ಟು ಹೊತ್ತಿನ ಖರೀದಿ ನಿಮ್ಮ ಲೆಕ್ಕಕ್ಕೆ ಬರುತ್ತದೆ ಎಂಬುದು ಮುಖ್ಯ. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ. ಹಳ್ಳಿಯ ಕೊಳ್ಳುಗರು ಮನೆಯಲ್ಲಿ ವಿಚಾರಿಸಿ ನಿಧಾನವಾಗಿ ಕೊಳ್ಳುವುದರಿಂದ ಅವಧಿ ಉದ್ದವಿದ್ದಷ್ಟೂ ಒಳ್ಳೆಯದು. ಕನಿಷ್ಠ ಪಾವತಿ ಮೊತ್ತ, ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಲು ಅನುಮತಿ, ಇವೆರಡನ್ನೂ ನೋಡಿ.

2,999 ರೂಪಾಯಿ ಕೇಳುತ್ತಿರುವ ಆ ಯೋಜನೆಗೆ ದಯವಿಟ್ಟು ಸೇರಬೇಡಿ. ಸರಕು ಮಾರದೆ ಜನರನ್ನು ಸೇರಿಸಿದ್ದಕ್ಕೇ ಹಣ ಕೊಡುವುದು ಪಿರಮಿಡ್ ಯೋಜನೆ. 2021ರ ನೇರ ಮಾರಾಟ ನಿಯಮಗಳು ಅದನ್ನು ನಿಷೇಧಿಸಿವೆ.

ಐದಾರು ವಿಡಿಯೊ ಸಿದ್ಧವಾದ ಮೇಲಷ್ಟೇ ಮತ್ತೆ ಅರ್ಜಿ ಹಾಕಿ, ಪ್ಯಾನ್ ವಿವರ ತುಂಬಿ. ಲಿಂಕಿನಿಂದ ನಿಮಗೆ ಕಮಿಷನ್ ಬರುತ್ತದೆ ಎಂದು ಪ್ರತಿ ವಿಡಿಯೊದಲ್ಲೂ ಕನ್ನಡದಲ್ಲೇ ಹೇಳಿ.