ತಾಳೆಹಣ್ಣು: ಎಳೆಯದನ್ನು ಆರಿಸುವುದು ಹೇಗೆ?

ಪ್ರಶ್ನೆ: ಬೇಸಿಗೆ ಬಂತೆಂದರೆ ಸಂತೆಯಲ್ಲಿ ತಾಳೆಹಣ್ಣು ರಾಶಿ ಬೀಳುತ್ತವೆ. ಮನೆಗೆ ತಂದರೆ ಅರ್ಧದಷ್ಟು ರಬ್ಬರಿನಂತೆ ಗಟ್ಟಿ. ನೋಡಿ ಆರಿಸುವುದು ಹೇಗೆ?
– ಓದುಗರು, ಯಾದಗಿರಿ

ಉತ್ತರ: ಬಿಡಿಸಿಟ್ಟಿದ್ದನ್ನು ಬಿಟ್ಟು, ಇಡೀ ಕಾಯಿಯನ್ನೇ ಕಣ್ಣೆದುರು ಕೊಯ್ಯಿಸಿ. ಒಂದರಲ್ಲಿ ಸಾಮಾನ್ಯವಾಗಿ 2–3 ಕಣ್ಣುಗಳು, ಅಂದರೆ ತಿರುಳಿರುವ ಗುಳಿಗಳು, ಇರುತ್ತವೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗಬೇಕು, ಒಳಗೆ ನೀರು ಅಲುಗಬೇಕು. ಬಲಿತಂತೆಲ್ಲ ಆ ನೀರು ಇಂಗಿ ತಿರುಳು ಬಿರುಸಾಗುತ್ತದೆ; ಅಂಥದ್ದನ್ನು ಹೆಚ್ಚು ತಿಂದರೆ ಹೊಟ್ಟೆನೋವು ಬರಬಹುದು. ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನಿ! ಮೇಲಿನ ತೆಳು ಸಿಪ್ಪೆ ಒಗರು, ಆದರೆ ತಿನ್ನುವ ಹೊತ್ತಿಗಷ್ಟೇ ಉಗುರಿನಿಂದ ಸುಲಿಯಿರಿ, ಮೊದಲೇ ಸುಲಿದರೆ ತಿರುಳು ಒಣಗುತ್ತದೆ. ಸಿಪ್ಪೆ ಸಮೇತ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೂ ನಡೆಯುತ್ತದೆ. ಹುಳಿ ವಾಸನೆ ಬಂದರೆ, ಲೋಳೆಯಾಗಿದ್ದರೆ ಎಸೆದುಬಿಡಿ.